ಸ್ಕ್ರೇಪರ್ ಕಂಡುಹಿಡಿದದ್ದು ಆರ್. ಜಿ. ಲೆಟೂರ್ನೋ ಅನ್ನುವುದು ನಿಜವೇ?

ಹೆದ್ದಾರಿ ಕೆಲಸ ನಡೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಮಣ್ಣು ಅಗೆದು ತುಂಬುವ ಜೆಸಿಬಿ ಅಥವಾ ಹಿಟಾಚಿ, ಅದನ್ನು ಹೊತ್ತೊಯ್ಯಲು ಸಾಲುಗಟ್ಟಿ ನಿಂತ ಟಿಪ್ಪರ್‌ಗಳು. ಟಿಪ್ಪರ್ ಸುರಿದು ಹೋದ ಗುಡ್ಡೆಯನ್ನು ಹರಡಲು ಮತ್ತೊಂದು ಯಂತ್ರ ಬೇಕು. ಮಣ್ಣು ಕೆರೆಯುವುದು, ತುಂಬಿಕೊಳ್ಳುವುದು, ಸಾಗಿಸುವುದು, ಸುರಿಯುತ್ತಲೇ ತೆಳುವಾಗಿ ಹರಡುವುದು, ಇಷ್ಟನ್ನೂ ಒಂದೇ ಯಂತ್ರ ಮಾಡುವಂತಿದ್ದರೆ? ಅಂಥದ್ದು ಇದೆ. ಅದರ ಹೆಸರು ಸ್ಕ್ರೇಪರ್. ಕಳೆದ ಶತಮಾನದಲ್ಲಿ ಅಮೆರಿಕದ ಹೆದ್ದಾರಿಗಳಿಗೆ, ಮಣ್ಣಿನ ಅಣೆಕಟ್ಟುಗಳಿಗೆ, ವಿಮಾನ ನಿಲ್ದಾಣಗಳಿಗೆ ಬಹಳಷ್ಟು ಮಣ್ಣು ಸರಿಸಿದ್ದು ಇದೇ.

ಬಡಗಿಯ ಉಜ್ಜುಗೊರಡನ್ನು ನೆನಪಿಸಿಕೊಂಡರೆ ಇದರ ಕೆಲಸ ಅರ್ಧ ಅರ್ಥವಾದಂತೆ. ಉಜ್ಜುಗೊರಡಿನ ಅಡಿಯಲ್ಲಿ ಬ್ಲೇಡು ಇರುತ್ತದೆ. ಅದು ಮರದ ಮೈಯಿಂದ ತೆಳುವಾದ ಸಿಪ್ಪೆ ಎಬ್ಬಿಸುತ್ತದೆ, ಸಿಪ್ಪೆ ಮೇಲಿನ ಬಾಯಿಯಿಂದ ಹೊರಬರುತ್ತದೆ. ಸ್ಕ್ರೇಪರ್‌ನಲ್ಲಿ ಆ ಸಿಪ್ಪೆ ಹೊರಗೆ ಬರುವುದಿಲ್ಲ, ಒಳಗಿನ ತೊಟ್ಟಿಯಲ್ಲೇ ತುಂಬಿಕೊಳ್ಳುತ್ತದೆ. ಅಷ್ಟೇ ವ್ಯತ್ಯಾಸ.

ಈ ಯಂತ್ರದ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ರಾಬರ್ಟ್ ಗಿಲ್ಮೋರ್ ಲೆಟೂರ್ನೋ ಎಂಬ ಹುಡುಗ 14ನೇ ವಯಸ್ಸಿಗೆ ಶಾಲೆ ಬಿಟ್ಟ, ಯಾವ ಎಂಜಿನಿಯರಿಂಗೂ ಓದಲಿಲ್ಲ, ಸ್ಕ್ರೇಪರ್ ಕಂಡುಹಿಡಿದ, ಸುಮಾರು 300 ಪೇಟೆಂಟ್ ಪಡೆದ, ಗಳಿಸಿದ್ದರಲ್ಲಿ 90 ಶೇಕಡಾ ದಾನ ಮಾಡಿದ ಎನ್ನುವ ಕಥೆ. ಇದರಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಒಂದು ತಪ್ಪು. ತಪ್ಪನ್ನು ಮೊದಲು ಹೇಳಿಬಿಡುತ್ತೇನೆ: ಸ್ಕ್ರೇಪರ್ ಕಂಡುಹಿಡಿದದ್ದು ಆತನಲ್ಲ.

ಲೆಟೂರ್ನೋ ಹುಟ್ಟುವ ಐದು ವರ್ಷ ಮೊದಲೇ, 1883ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರಿನಲ್ಲಿ ಜೇಮ್ಸ್ ಪೋರ್ಟಿಯಸ್ ಎಂಬಾತ ಫ್ರೆಸ್ನೋ ಸ್ಕ್ರೇಪರ್‌ಗೆ ಪೇಟೆಂಟ್ ಪಡೆದಿದ್ದ. ಸ್ಕಾಟ್ಲೆಂಡಿನಿಂದ ವಲಸೆ ಬಂದವನು ಆತ. ಕುದುರೆ ಅಥವಾ ಹೇಸರಗತ್ತೆಗಳು ಎಳೆಯುವ ಅಗಲವಾದ ಬಾಗಿದ ಕಬ್ಬಿಣದ ತೊಟ್ಟಿ ಅದು. ಹಿಂದೆ ಒಂದು ಉದ್ದ ಹಿಡಿ. ನಡೆಸುವವನು ಹಿಡಿಯನ್ನು ಎತ್ತಿದರೆ ಅಂಚು ನೆಲಕ್ಕೆ ಕಚ್ಚಿ ಮಣ್ಣು ತುಂಬುತ್ತದೆ, ಒತ್ತಿದರೆ ತೊಟ್ಟಿ ಮಣ್ಣಿನೊಂದಿಗೆ ಜಾರುತ್ತಾ ಸಾಗುತ್ತದೆ. ಅಂಚು ನೆಲದೊಳಗಿನ ಕಲ್ಲಿಗೆ ತಾಗಿದರೆ ಆ ಹಿಡಿ ಮೇಲಕ್ಕೆ ಚಿಮ್ಮಿ ಹಿಂದಿದ್ದವನ ಮುಖಕ್ಕೋ ಎದೆಗೋ ಬಡಿಯುತ್ತಿತ್ತು. ಪನಾಮಾ ಕಾಲುವೆಯ ಕೆಲಸಕ್ಕೂ ಇದು ಹೋಗಿತ್ತು. ಅದಕ್ಕೂ ಹಿಂದೆ ಎರಡು ಹಿಡಿಯ ಸಣ್ಣ ಎಳೆಬುಟ್ಟಿಗಳಿದ್ದವು. ನಮ್ಮಲ್ಲಿ ಗದ್ದೆ ಮಟ್ಟ ಮಾಡಲು ಎತ್ತಿಗೆ ಹಲಗೆ ಕಟ್ಟಿ ಎಳೆಸುತ್ತಿದ್ದದ್ದು ಗೊತ್ತಲ್ಲ, ಅದರ ಹಿಂದಿನ ಯೋಚನೆಯೂ ತೀರಾ ದೂರದ್ದಲ್ಲ.

ಹಾಗಾದರೆ ಲೆಟೂರ್ನೋ ಮಾಡಿದ್ದೇನು? ಅದನ್ನು ಹೇಳಬೇಕಾದರೆ ಆತ ಕೂತ ಸೀಟಿನಿಂದ ಹೇಳಬೇಕು. ಯಂತ್ರ ತಯಾರಿಸುವ ಮೊದಲು ಆತ ಯಂತ್ರ ಓಡಿಸಿದವನು. ಆತನ ಮುಖ್ಯ ಸುಧಾರಣೆಗಳನ್ನು ಒಂದೊಂದಾಗಿ ನೋಡಿದರೆ, ಅವುಗಳ ಹಿಂದೆ ಓಡಿಸುವವನಿಗೆ ಮಾತ್ರ ಗೊತ್ತಾಗುವ ಒಂದೊಂದು ಕಿರಿಕಿರಿ ಇದೆ.

ಓದಿಲ್ಲ ಅನ್ನುವುದು ಎಷ್ಟು ನಿಜ?

1888ರ ನವೆಂಬರ್ 30ರಂದು ವರ್ಮಾಂಟ್ ರಾಜ್ಯದ ರಿಚ್‌ಫೋರ್ಡ್‌ನಲ್ಲಿ ಹುಟ್ಟಿದ ಆತ, ಮನೆಯವರೊಂದಿಗೆ ಮಿನೆಸೋಟಾದ ಡುಲೂತ್‌ಗೆ, ಅಲ್ಲಿಂದ ಒರೆಗಾನ್‌ನ ಪೋರ್ಟ್‌ಲೆಂಡ್‌ಗೆ ಬಂದ. 14ಕ್ಕೆ ಶಾಲೆ ಬಿಟ್ಟದ್ದು ನಿಜ. ಬಿಟ್ಟು ಹೋಗಿ ಸೇರಿದ್ದು ಎರಕದ ಕಾರ್ಖಾನೆಗೆ, ಅಚ್ಚು ಕಟ್ಟುವ ಕೆಲಸದ ಶಿಷ್ಯನಾಗಿ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ವಿದ್ಯುತ್ ಸ್ಥಾವರವೊಂದರಲ್ಲಿ ವೆಲ್ಡಿಂಗ್ ಕಲಿತ. 1909ರಲ್ಲಿ ಸ್ಟಾಕ್ಟನ್‌ಗೆ ಬಂದು ಸೌದೆ ಕಡಿದ, ಹೊಲದಲ್ಲಿ ದುಡಿದ, ಗಣಿಯಲ್ಲಿ ದುಡಿದ. ಅಂಚೆಯ ಮೂಲಕ ಮೋಟಾರು ವಾಹನಗಳ ಪಾಠ ತರಿಸಿಕೊಂಡು ಓದಿದ. 1911ರಲ್ಲಿ ಗ್ಯಾರೇಜ್ ಸೇರಿ ಮುಂದೆ ಅದರ ಪಾಲುದಾರನಾದ. ಕಾರು ರೇಸಿನ ಅಪಘಾತವೊಂದರಲ್ಲಿ ಕುತ್ತಿಗೆಗೆ ಪೆಟ್ಟಾಗಿದ್ದರಿಂದ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಲಾಗಲಿಲ್ಲ. ಬದಲಿಗೆ ಮೇರ್ ಐಲೆಂಡ್ ನೌಕಾಂಗಣದಲ್ಲಿ ವಿದ್ಯುತ್ ಯಂತ್ರಗಳ ರಿಪೇರಿಗೆ ನಿಂತ.

ಎರಕ, ವೆಲ್ಡಿಂಗ್, ವಿದ್ಯುತ್, ಎಂಜಿನ್. 30 ತುಂಬುವಷ್ಟರಲ್ಲಿ ಈ ನಾಲ್ಕನ್ನೂ ಕೈಯಾರೆ ಕಲಿತಿದ್ದ ಮನುಷ್ಯನನ್ನು ಓದಿಲ್ಲದವನು ಎಂದು ಕರೆಯುವುದು ಮಾತಿನ ಮೋಸ. ಸಂವಹನ ಓದಿದ ನನಗೆ ಇಂಥ ಕಥೆಗಳು ಯಾಕೆ ಹಬ್ಬುತ್ತವೆ ಎಂಬ ಕುತೂಹಲ ಇದ್ದೇ ಇದೆ. ಶಾಲೆ ಬಿಟ್ಟು ದೊಡ್ಡವನಾದ ಎನ್ನುವ ಸಾಲು ಹಂಚಲು ಸುಲಭ, 15 ವರ್ಷ ಅಚ್ಚು ಕಟ್ಟಿ, ಬೆಸುಗೆ ಹಾಕಿ, ತಂತಿ ಸುತ್ತಿ ಕಲಿತ ಎನ್ನುವುದು ಅಷ್ಟು ಸುಲಭವಲ್ಲ. ಆತನೇ ಮುಂದೆ 1946ರಲ್ಲಿ ಟೆಕ್ಸಾಸ್‌ನ ಲಾಂಗ್‌ವ್ಯೂನಲ್ಲಿ ಯುದ್ಧ ಮುಗಿದು ಖಾಲಿಯಾಗಿದ್ದ ಸೈನಿಕ ಆಸ್ಪತ್ರೆಯ ಕಟ್ಟಡಗಳನ್ನು ಕೊಂಡು ತಾಂತ್ರಿಕ ಸಂಸ್ಥೆ ತೆರೆದ ಎಂಬುದು ಈ ಕಥೆ ಹೇಳುವವರಿಗೆ ನೆನಪಾಗುವುದಿಲ್ಲ. ಆ ಸಂಸ್ಥೆ ಈಗ ವಿಶ್ವವಿದ್ಯಾಲಯ.

ಸಾಲದಿಂದ ಶುರುವಾದ ಮಣ್ಣಿನ ಕೆಲಸ

ಯುದ್ಧ ಮುಗಿಸಿ ಊರಿಗೆ ಬಂದರೆ ಗ್ಯಾರೇಜ್ ಮುಳುಗಿತ್ತು. 1917ರಲ್ಲಿ ಎವೆಲಿನ್ ಪೀಟರ್ಸನ್‌ಳನ್ನು ಮದುವೆಯಾಗಿದ್ದ, ಮೊದಲ ಮಗು ಹಸುಗೂಸಾಗಿದ್ದಾಗಲೇ ತೀರಿಕೊಂಡಿತ್ತು. ತಲೆಯ ಮೇಲೆ ಸಾಲ. ಸಿಕ್ಕ ಕೆಲಸವೆಂದರೆ ಹೋಲ್ಟ್ ಕಂಪನಿಯ ಒಂದು ಚೈನ್ ಟ್ರ್ಯಾಕ್ಟರ್ ರಿಪೇರಿ ಮಾಡುವುದು. ಅದರ ಮಾಲೀಕ, ಅದೇ ಟ್ರ್ಯಾಕ್ಟರಿಗೆ ಸ್ಕ್ರೇಪರ್ ಕಟ್ಟಿ 40 ಎಕರೆ ಜಮೀನು ಮಟ್ಟ ಮಾಡಿಕೊಡುವ ಕೆಲಸವನ್ನೂ ಕೊಟ್ಟ. ಲೆಟೂರ್ನೋಗೆ ಆ ಕೆಲಸ ಹಿಡಿಸಿಬಿಟ್ಟಿತು. 1920ರ ಜನವರಿಯಲ್ಲಿ ಒಂದು ಹಳೆಯ ಹೋಲ್ಟ್ ಟ್ರ್ಯಾಕ್ಟರ್ ಕೊಂಡು, ಸ್ಕ್ರೇಪರ್ ಬಾಡಿಗೆಗೆ ತಂದು, ಜಮೀನು ಮಟ್ಟ ಮಾಡುವ ಗುತ್ತಿಗೆದಾರನಾದ.

ಮೊದಲ ಕಿರಿಕಿರಿ ಇಲ್ಲಿಯದು. ಟ್ರ್ಯಾಕ್ಟರ್ ಮೇಲೆ ಒಬ್ಬ, ಹಿಂದಿನ ಸ್ಕ್ರೇಪರ್ ಮೇಲೆ ಇನ್ನೊಬ್ಬ. ಎಂಜಿನ್ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಮುಂದಿನವನು ವೇಗ ತಗ್ಗಿಸುವ ಹೊತ್ತಿಗೆ ಹಿಂದಿನವನು ಬ್ಲೇಡು ಇನ್ನೂ ಆಳಕ್ಕೆ ಇಳಿಸಿರುತ್ತಾನೆ, ಟ್ರ್ಯಾಕ್ಟರ್ ನಿಂತುಹೋಗುತ್ತದೆ. ಲೆಟೂರ್ನೋ ಟ್ರ್ಯಾಕ್ಟರ್‌ನಲ್ಲಿ ಜನರೇಟರ್ ಕೂರಿಸಿ, ಸ್ಕ್ರೇಪರ್‌ಗೆ ವಿದ್ಯುತ್ ಮೋಟಾರುಗಳನ್ನು ಜೋಡಿಸಿದ. ಬ್ಲೇಡಿನ ಏರಿಳಿತ ಈಗ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತವನ ಕೈಗೆ ಬಂತು. ಎರಡನೆಯವನ ಕೂಲಿ ಉಳಿಯಿತು ಎಂದರೆ ಎರಡನೆಯವನ ಕೆಲಸ ಹೋಯಿತು ಎಂದೂ ಅರ್ಥ. ಆತನ ಜೀವನಚರಿತ್ರೆಗಳು ಈ ಎರಡನೇ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

1921ರಲ್ಲಿ ಸ್ಟಾಕ್ಟನ್‌ನಲ್ಲೇ ಜಾಗ ಕೊಂಡು ಕಾರ್ಯಾಗಾರ ಹಾಕಿದ. ಮರುವರ್ಷ ತಯಾರಾದ ಗೊಂಡೋಲಾ ಎಂಬ ಸ್ಕ್ರೇಪರ್‌ನಲ್ಲಿ ರಿವೆಟ್‌ಗಳ ಬದಲು ಎಲ್ಲ ಕಡೆಯೂ ವೆಲ್ಡಿಂಗ್ ಇತ್ತು. ಇಂದು ಇದು ದೊಡ್ಡ ವಿಷಯ ಅನಿಸುವುದಿಲ್ಲ. ಆಗ ಭಾರದ ಯಂತ್ರಗಳನ್ನು ರಿವೆಟ್ ಬಡಿದೇ ಜೋಡಿಸುತ್ತಿದ್ದರು, ವೆಲ್ಡಿಂಗ್ ಎಂದರೆ ಮುರಿದದ್ದಕ್ಕೆ ತೇಪೆ ಹಾಕುವ ವಿದ್ಯೆ ಎಂಬ ಭಾವನೆ ಇತ್ತು. ರಿವೆಟ್ ಹಾಕಲು ತೂತು ಕೊರೆದರೆ ತಗಡು ಅಲ್ಲಿ ಬಲ ಕಳೆದುಕೊಳ್ಳುತ್ತದೆ. ಒಂದರ ಮೇಲೊಂದು ತಗಡು ಕೂರಿಸಬೇಕಾಗಿ ತೂಕ ಹೆಚ್ಚುತ್ತದೆ. ವರ್ಷಗಟ್ಟಲೆ ಕುಲುಕಾಡಿದರೆ ರಿವೆಟ್‌ಗಳು ಸಡಿಲವಾಗುತ್ತವೆ. ವೆಲ್ಡ್ ಮಾಡಿದ ತೊಟ್ಟಿ ಹಗುರ. ಉಳಿದ ತೂಕದ ಜಾಗದಲ್ಲಿ ಮಣ್ಣು ಹೊರಬಹುದು.

ಗಾಲಿ ಹೂತರೆ ಬಯಲಲ್ಲೂ ಬೆಟ್ಟ

ಆತನ ಕೆಲಸಗಳಲ್ಲಿ ಹೆಚ್ಚು ಪರಿಣಾಮ ಬೀರಿದ್ದು ಯಾವುದು ಎಂದು ಕೇಳಿದರೆ ನಾನು ಟೈರ್ ಎನ್ನುತ್ತೇನೆ. 1932ರ ಹೊತ್ತಿಗೆ ಆತನ ಕ್ಯಾರಿಆಲ್ ಸ್ಕ್ರೇಪರ್ ಕಬ್ಬಿಣದ ಗಾಲಿ ಬಿಟ್ಟು ಗಾಳಿ ತುಂಬಿದ ದೊಡ್ಡ ರಬ್ಬರ್ ಟೈರ್‌ಗಳ ಮೇಲೆ ನಿಂತಿತು.

ಕಾರಣ ಸರಳ ಲೆಕ್ಕ. ಗಟ್ಟಿ ನೆಲದ ಮೇಲೆ ಗಾಲಿಯನ್ನು ಉರುಳಿಸಲು ಬೇಕಾಗುವ ಎಳೆತ, ಯಂತ್ರದ ತೂಕದ ಸುಮಾರು 2 ಶೇಕಡಾ. ಗಾಲಿ ನೆಲದೊಳಗೆ ಇಳಿದ ಪ್ರತಿ ಸೆಂಟಿಮೀಟರಿಗೆ ಇನ್ನೂ 0.6 ಶೇಕಡಾ ಸೇರಿಸಿಕೊಳ್ಳಬೇಕು. ಮಣ್ಣಿನ ಕೆಲಸದವರು ಇಂದಿಗೂ ಬಳಸುವ ಅಂದಾಜು ಇದು. ಮಣ್ಣು ತುಂಬಿಕೊಂಡು 30 ಟನ್ ತೂಗುವ ಸ್ಕ್ರೇಪರ್ ಗಟ್ಟಿ ನೆಲದಲ್ಲಿ 0.6 ಟನ್ ಎಳೆತಕ್ಕೆ ಉರುಳುತ್ತದೆ. ಅದರ ಗಾಲಿ 10 ಸೆಂ.ಮೀ. ಹೂತರೆ 2.4 ಟನ್ ಎಳೆತ ಬೇಕು, ಅಂದರೆ ನಾಲ್ಕು ಪಟ್ಟು. ನೂರು ಮೀಟರಿಗೆ ಆರು ಮೀಟರ್ ಏರುವ ಗಟ್ಟಿ ನೆಲದ ದಿಬ್ಬ ಹತ್ತಿದಷ್ಟೇ ಕಷ್ಟ, ಅದೂ ಸಮತಟ್ಟು ಬಯಲಿನಲ್ಲಿ. ಕಬ್ಬಿಣದ ಕಿರಿದಾದ ಗಾಲಿ ತಾನೇ ತೋಡಿದ ಗುಂಡಿಯಿಂದ ತಾನೇ ಮೇಲೆ ಬರಲು ಹೆಣಗುತ್ತಿರುತ್ತದೆ. ಅಗಲವಾದ ಟೈರ್ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಅಷ್ಟು ಹೂಳುವುದಿಲ್ಲ. ಮಣ್ಣು ತುಂಬಿಸಿದ ಕಡೆ ಅವೇ ಟೈರ್‌ಗಳು ಓಡಾಡಿ ಪದರ ಪದರವಾಗಿ ಮಣ್ಣನ್ನು ಒತ್ತಿ ಗಟ್ಟಿ ಮಾಡುತ್ತವೆ.

ದೊಡ್ಡ ಎಂಜಿನ್ ಇದ್ದರೆ ಸಾಕು, ಮಣ್ಣು ತಾನಾಗಿ ಸರಿಯುತ್ತದೆ ಎಂಬ ನಂಬಿಕೆ ಸಾಮಾನ್ಯ. ಮೇಲಿನ ಲೆಕ್ಕ ನೋಡಿದರೆ ಎಂಜಿನ್ನಿನ ಬಲವೆಲ್ಲ ಗಾಲಿಯನ್ನು ಗುಂಡಿಯಿಂದ ಎತ್ತುವುದರಲ್ಲೇ ಮುಗಿದುಹೋಗಬಹುದು ಎಂದು ಗೊತ್ತಾಗುತ್ತದೆ.

ಹಗ್ಗದ ಸ್ಕ್ರೇಪರ್ ಓಡಿಸುವುದು ಹೇಗಿತ್ತು?

1928ರ ಸುಮಾರಿಗೆ ಲೆಟೂರ್ನೋ ವಿದ್ಯುತ್ ಮೋಟಾರುಗಳ ಬದಲಿಗೆ ಉಕ್ಕಿನ ಹಗ್ಗಕ್ಕೆ ಬಂದ. ಟ್ರ್ಯಾಕ್ಟರಿನ ಹಿಂಬದಿಗೆ ಎರಡು ಡ್ರಮ್‌ಗಳ ಒಂದು ಪೆಟ್ಟಿಗೆ, ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ತಿರುಗುವಂಥದ್ದು. ಒಂದು ಡ್ರಮ್ಮಿನ ಹಗ್ಗ ತೊಟ್ಟಿಯನ್ನು ಏರಿಸಿ ಇಳಿಸುತ್ತದೆ. ಇನ್ನೊಂದರ ಹಗ್ಗ ತೊಟ್ಟಿಯ ಮುಂಬಾಗಿಲನ್ನು ಎತ್ತುತ್ತದೆ, ಅದು ಪೂರ್ತಿ ಎದ್ದ ಮೇಲೆ ಒಳಗಿನ ಹಿಂಗೋಡೆಯನ್ನು ಮುಂದಕ್ಕೆ ಎಳೆದು ಮಣ್ಣನ್ನು ಹೊರಗೆ ನೂಕುತ್ತದೆ. ಚಾಲಕನಿಗೆ ಇದ್ದದ್ದು ಎರಡು ಲಿವರ್.

ಕೇಳಲು ಸುಲಭ. ಆದರೆ ಚಾಲಕನ ಮುಖ ಮುಂದೆ, ಕೆಲಸ ನಡೆಯುವುದು ಬೆನ್ನ ಹಿಂದೆ. ದಿನವಿಡೀ ಕುತ್ತಿಗೆ ತಿರುಗಿಸಿ ನೋಡುತ್ತಾ ಬ್ಲೇಡು ಎಷ್ಟು ಇಳಿದಿದೆ ಎಂದು ಅಂದಾಜು ಮಾಡಬೇಕು. ನಿಜವಾದ ಅಂದಾಜು ಬರುವುದು ಕಣ್ಣಿಗಿಂತ ಕಿವಿಗೆ ಮತ್ತು ಕೂತ ಜಾಗಕ್ಕೆ. ಎಂಜಿನ್ ಸದ್ದು ಭಾರವಾದರೆ ಬ್ಲೇಡು ಆಳಕ್ಕೆ ಹೋಗಿದೆ, ಕೂದಲೆಳೆಯಷ್ಟು ಎತ್ತು. ಸದ್ದು ಹಗುರಾದರೆ ಸುಮ್ಮನೆ ಮೇಲ್ಮೈ ಸವರುತ್ತಿದೆ, ಇಳಿಸು. ಒಳಗೆ ಬಂದ ಮಣ್ಣು ಕುದಿಯುವ ಗಂಜಿಯಂತೆ ನಡುವಿನಿಂದ ಉಕ್ಕಿ ಮೇಲೇರಿ ಎರಡೂ ಕಡೆ ಬೀಳುತ್ತಿದ್ದರೆ ತೊಟ್ಟಿ ಚೆನ್ನಾಗಿ ತುಂಬುತ್ತಿದೆ ಎಂದರ್ಥ. ಒಣ ಮರಳು ಹಾಗೆ ಉಕ್ಕುವುದಿಲ್ಲ, ಬ್ಲೇಡಿನ ಮುಂದೆಯೇ ರಾಶಿಯಾಗುತ್ತದೆ. ಒದ್ದೆ ಜೇಡಿ ಒಳಗೆ ಬರುತ್ತದೆ, ಹೊರಗೆ ಹೋಗಲು ಒಪ್ಪುವುದಿಲ್ಲ.

ಹಗ್ಗಕ್ಕೆ ಒಂದು ಮಿತಿಯೂ ಇತ್ತು. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಬ್ಲೇಡನ್ನು ನೆಲಕ್ಕೆ ಒತ್ತುವ ಬಲ ತೊಟ್ಟಿಯ ಸ್ವಂತ ತೂಕ ಮಾತ್ರ. ನೆಲ ಗಟ್ಟಿಯಿದ್ದರೆ ಖಾಲಿ ತೊಟ್ಟಿ ಮೇಲೆಯೇ ಕುಣಿಯುತ್ತದೆ. ಅಂಥ ಕಡೆ ಮೊದಲು ಉದ್ದ ಹಲ್ಲುಗಳ ರೂಟರ್ ಎಂಬ ಉಪಕರಣದಿಂದ ನೆಲ ಸೀಳಿಸಬೇಕಿತ್ತು (ಅದನ್ನೂ ಆತನೇ ತಯಾರಿಸಿ ಮಾರಿದ). ಸಾಧ್ಯವಿದ್ದಲ್ಲೆಲ್ಲ ಇಳಿಜಾರಿನಲ್ಲಿ ಮಣ್ಣು ತುಂಬಿಕೊಳ್ಳುತ್ತಿದ್ದರು. ಪ್ರತಿ 1 ಶೇಕಡಾ ಇಳಿಜಾರಿಗೆ ಟನ್ನಿಗೆ ಸುಮಾರು 10 ಕಿಲೋ ಎಳೆತ ಭೂಮಿಯೇ ಬಿಟ್ಟಿ ಕೊಡುತ್ತದೆ. ಹಗ್ಗ ಸವೆಯುವುದು ರಾಟೆಗಳ ಬಳಿ. ಒಂದೊಂದೇ ಎಳೆ ಮುರಿದು ಮುಳ್ಳಿನಂತೆ ಹೊರಬರುತ್ತಿತ್ತು, ಬರಿಗೈಯಲ್ಲಿ ಮುಟ್ಟಿದವರ ಅಂಗೈ ಹರಿಯುತ್ತಿತ್ತು. ಕೆಲಸದ ನಡುವೆ ತುಂಡಾದರೆ ಸ್ಕ್ರೇಪರ್ ಮೇಲೆಯೇ ಇರುತ್ತಿದ್ದ ಹೆಚ್ಚುವರಿ ಸುರುಳಿಯಿಂದ ಹೊಸ ಹಗ್ಗ ಎಳೆದುಕೊಂಡು ಮುಂದುವರಿಯಬೇಕು. ಮುಂದೆ ಹೈಡ್ರಾಲಿಕ್ ಸಿಲಿಂಡರ್‌ಗಳು ಬಂದು ಬ್ಲೇಡನ್ನು ಕೆಳಕ್ಕೂ ಒತ್ತುವಂತಾದ ಮೇಲೆ ಹಗ್ಗದ ಕಾಲ ಮುಗಿಯಿತು.

1929ರಲ್ಲಿ ಕಂಪನಿ ನೋಂದಾಯಿಸಿದ ಲೆಟೂರ್ನೋ ಇನ್ನೂ ಕೆಲವು ವರ್ಷ ಗುತ್ತಿಗೆಯನ್ನೂ ಬಿಡಲಿಲ್ಲ. ಹೂವರ್ ಅಣೆಕಟ್ಟಿಗೆ ಹೋಗುವ ಬೌಲ್ಡರ್ ಹೆದ್ದಾರಿಯ ಕೆಲಸ ಹಿಡಿದು ಭಾರಿ ನಷ್ಟ ಮಾಡಿಕೊಂಡ. 1933ರಲ್ಲಿ ಗುತ್ತಿಗೆ ನಿಲ್ಲಿಸಿ ಪೂರ್ತಿ ತಯಾರಿಕೆಗೆ ಇಳಿದ. 1935ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಕಾರ್ಖಾನೆ ಕಟ್ಟಿದ. ಆತನ ಸ್ಕ್ರೇಪರ್ ಎಳೆಯುವ ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಕ್ಯಾಟರ್‌ಪಿಲ್ಲರ್ ಕಂಪನಿಯ ಊರೂ ಅದೇ. ದಾನದ ಕಥೆ ಬರುವುದೂ ಆ ವರ್ಷವೇ. ಕ್ರೈಸ್ತ ಧರ್ಮದಲ್ಲಿ ಗಾಢ ನಂಬಿಕೆಯಿದ್ದ ಆತ ಒಂದು ಪ್ರತಿಷ್ಠಾನ ಸ್ಥಾಪಿಸಿ ಗಳಿಕೆಯ ಬಹುಪಾಲನ್ನು ಅದಕ್ಕೆ ಬಿಟ್ಟ. 90 ಶೇಕಡಾ ಎಂಬ ಅಂಕಿಯ ಮೂಲ ಅದು. ಸಾಲದಲ್ಲಿ ಮುಳುಗಿದ್ದ ಮೊದಲ ವರ್ಷಗಳಿಗೂ ಅದನ್ನು ಹಚ್ಚುವುದು ಸರಿಯಲ್ಲ.

ಇಳಿಜಾರಿನಲ್ಲಿ ಉಲ್ಟಾ ತಿರುಗುವ ಯಂತ್ರ

ಚೈನ್ ಟ್ರ್ಯಾಕ್ಟರ್ ಎಳೆತಕ್ಕೆ ಒಳ್ಳೆಯದು, ಓಟಕ್ಕಲ್ಲ. ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಅದು ಸಾಗುತ್ತದೆ. ಮಣ್ಣು ಒಂದು ಕಿಲೋಮೀಟರ್ ಆಚೆ ಹೋಗಬೇಕಾದರೆ ದಿನದ ಬಹುಭಾಗ ಓಡಾಟದಲ್ಲೇ ಕಳೆಯುತ್ತದೆ. 1937ರಲ್ಲಿ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು ಹಾಸಿಗೆ ಹಿಡಿದಿದ್ದಾಗ ಲೆಟೂರ್ನೋ ಇದಕ್ಕೆ ಉತ್ತರ ಹುಡುಕುತ್ತಿದ್ದ. 1938ರಲ್ಲಿ ಹೊರಬಂದದ್ದು ಟೂರ್ನಪುಲ್: ಎರಡೇ ಎರಡು ದೊಡ್ಡ ಟೈರ್‌ಗಳ ಟ್ರ್ಯಾಕ್ಟರ್. ಅದು ಒಂಟಿಯಾಗಿ ನಿಲ್ಲಲಾರದು, ಸ್ಕ್ರೇಪರ್‌ಗೆ ಜೋಡಿಸಿದರೆ ಮಾತ್ರ ನಿಲ್ಲುತ್ತದೆ. ಸ್ಕ್ರೇಪರ್‌ನ ಮುಂಭಾಗದ ಭಾರ ಎಂಜಿನ್ ತಿರುಗಿಸುವ ಗಾಲಿಗಳ ಮೇಲೆಯೇ ಬೀಳುವುದರಿಂದ ಹಿಡಿತ ಹೆಚ್ಚು. ಗಂಟೆಗೆ 20 ಕಿ.ಮೀ.ಗೂ ಮೀರಿದ ವೇಗ. ಇಂದಿನ ಸ್ವಯಂಚಾಲಿತ ಸ್ಕ್ರೇಪರ್‌ಗಳ ಆಕಾರ ಇದರಿಂದಲೇ ಬಂದದ್ದು. ಮಣ್ಣು ತುಂಬಿಕೊಳ್ಳುವ ಕೆಲವು ಕ್ಷಣ ಮಾತ್ರ ಹಿಂದಿನಿಂದ ಒಂದು ಚೈನ್ ಟ್ರ್ಯಾಕ್ಟರ್ ಬಂದು ನೂಕಿಕೊಡುತ್ತದೆ, ಆಮೇಲೆ ತನ್ನ ದಾರಿ ತನಗೆ.

ಆದರೆ ಅದನ್ನು ತಿರುಗಿಸುವುದೇ ಒಂದು ಕಂಟಕ. ಮೊದಲ ಟೂರ್ನಪುಲ್‌ಗಳಲ್ಲಿ ಎರಡೂ ಗಾಲಿಗಳಿಗೆ ಬೇರೆ ಬೇರೆ ಕ್ಲಚ್ ಇತ್ತು. ಬಲಗಡೆ ಹೋಗಬೇಕೆಂದರೆ ಬಲಗಾಲಿಯ ಕ್ಲಚ್ ಬಿಡಿಸಬೇಕು. ಎಡಗಾಲಿ ಮಾತ್ರ ತಳ್ಳುವುದರಿಂದ ಯಂತ್ರ ಬಲಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಪರಿಸ್ಥಿತಿ ತಲೆಕೆಳಗು. ಹಿಂದಿನ ಭಾರ ಯಂತ್ರವನ್ನು ನೂಕುತ್ತಿರುತ್ತದೆ, ಎಂಜಿನ್ ತಡೆಹಿಡಿಯುತ್ತಿರುತ್ತದೆ. ಈಗ ಬಲಗಾಲಿಯ ಕ್ಲಚ್ ಬಿಡಿಸಿದರೆ ಆ ಗಾಲಿ ತಡೆಯಿಲ್ಲದೆ ಮುಂದೆ ಓಡುತ್ತದೆ, ಎಡಗಾಲಿ ಹಿಂದೆ ಉಳಿಯುತ್ತದೆ. ಯಂತ್ರ ತಿರುಗುವುದು ಎಡಕ್ಕೆ! ಏರಿನಲ್ಲಿ ಒಂದು ಕೈ, ಇಳಿಜಾರಿನಲ್ಲಿ ಇನ್ನೊಂದು ಕೈ. ಏರು ಮುಗಿದು ಇಳಿಜಾರು ಶುರುವಾಗುವ ಆ ಒಂದು ಕ್ಷಣದಲ್ಲಿ ಯಾವ ಕೈ ಎಂಬುದನ್ನು ಮೈಯೇ ನೆನಪಿಟ್ಟುಕೊಳ್ಳಬೇಕು. ತಪ್ಪಿದರೆ ಟ್ರ್ಯಾಕ್ಟರ್ ಮತ್ತು ಸ್ಕ್ರೇಪರ್ ಮಡಚುಚಾಕುವಿನಂತೆ ಮಡಚಿಕೊಳ್ಳುತ್ತವೆ. ಚಾಲಕನ ಸುತ್ತ ಪಂಜರವಿಲ್ಲ, ತಲೆಯ ಮೇಲೆ ಏನೂ ಇಲ್ಲ. ಮುಂದೆ ಆತನೇ ವಿದ್ಯುತ್ ಮೋಟಾರಿನಿಂದ ತಿರುಗಿಸುವ ವ್ಯವಸ್ಥೆ ತಂದು ಈ ತೊಡಕನ್ನು ಬಗೆಹರಿಸಿದ. ಯಂತ್ರ ಉರುಳಿದರೂ ಚಾಲಕ ಉಳಿಯುವಂಥ ಗಟ್ಟಿ ಚೌಕಟ್ಟು ಬೇಕೇ ಬೇಕು ಎಂಬ ನಿಯಮ ಅಮೆರಿಕದಲ್ಲಿ ಬಂದದ್ದು 1972ರ ಸೆಪ್ಟೆಂಬರ್ 1ರಿಂದ ತಯಾರಾದ ಯಂತ್ರಗಳಿಗೆ. ಆ ಹೊತ್ತಿಗೆ ಲೆಟೂರ್ನೋ ಸತ್ತು ಮೂರು ವರ್ಷವಾಗಿತ್ತು.

ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಬಳಸಿದ ಮಣ್ಣಿನ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತನ ಕಾರ್ಖಾನೆಗಳಿಂದ ಬಂದವು. ಪೆಸಿಫಿಕ್ ದ್ವೀಪಗಳಲ್ಲಿ ಕೆಲವೇ ದಿನಗಳಲ್ಲಿ ವಿಮಾನದ ಓಡುದಾರಿ ಸಿದ್ಧವಾಗುತ್ತಿದ್ದದ್ದರ ಹಿಂದೆ ಈ ಯಂತ್ರಗಳಿವೆ, ಅವುಗಳ ಮೇಲೆ ಕೂತ ಹೆಸರಿಲ್ಲದ ಸೈನಿಕರಿದ್ದಾರೆ.

1953ರಲ್ಲಿ ಮಣ್ಣಿನ ಯಂತ್ರಗಳ ವ್ಯವಹಾರವನ್ನು ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿಗೆ ಮಾರಿದ. ಐದು ವರ್ಷ ಆ ಕ್ಷೇತ್ರಕ್ಕೆ ಕಾಲಿಡಬಾರದು ಎಂಬ ಷರತ್ತಿತ್ತು. ಆ ಐದು ವರ್ಷದಲ್ಲಿ ಸಮುದ್ರದಲ್ಲಿ ಕಾಲೂರಿ ನಿಲ್ಲುವ ತೈಲ ಕೊರೆಯುವ ವೇದಿಕೆ ಕಟ್ಟಿದ. ಅದನ್ನು ಕೊಂಡ ಕಂಪನಿಯನ್ನು ನಡೆಸುತ್ತಿದ್ದವರು ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್. ಲೈಬೀರಿಯಾದಲ್ಲೂ ಪೆರುವಿನಲ್ಲೂ ಕಾಡು ಕಡಿದು ಊರು ಕಟ್ಟುವ ದೊಡ್ಡ ಯೋಜನೆಗಳಿಗೆ ಕೈಹಾಕಿದ. ಅವು ಅಂದುಕೊಂಡಂತೆ ನಡೆಯಲಿಲ್ಲ. ಯಂತ್ರ ಸಿಕ್ಕರೆ ಎಲ್ಲಿಯ ಕಾಡನ್ನಾದರೂ ಸರಿಪಡಿಸಬಹುದು ಎಂಬ ಆ ಕಾಲದ ನಂಬಿಕೆ ಇಂದು ಓದಿದರೆ ಸ್ವಲ್ಪ ಮುಜುಗರವಾಗುತ್ತದೆ.

ಷರತ್ತು ಮುಗಿದಾಗ ವಯಸ್ಸು 70ರ ಹತ್ತಿರ. ಮತ್ತೆ ಸ್ಕ್ರೇಪರ್‌ಗೆ ಮರಳಿದ, ಈ ಸಲ ಪ್ರತಿ ಗಾಲಿಯೊಳಗೂ ಒಂದೊಂದು ವಿದ್ಯುತ್ ಮೋಟಾರು ಕೂರಿಸಿ. ಗೇರು, ಕ್ಲಚ್, ಉದ್ದ ಶಾಫ್ಟು ಯಾವುದೂ ಇಲ್ಲ. ಡೀಸೆಲ್ ಎಂಜಿನ್ ವಿದ್ಯುತ್ ಉತ್ಪಾದಿಸುತ್ತದೆ, ತಂತಿಗಳು ಅದನ್ನು ಗಾಲಿಗೆ ಒಯ್ಯುತ್ತವೆ. ಅದರ ತುದಿಯೇ 1965ರ ಎಲ್‌ಟಿ-360. ಮೂರು ತೊಟ್ಟಿಗಳು ಸಾಲಾಗಿ, ಎಂಟು ಡೀಸೆಲ್ ಎಂಜಿನ್, 5,000 ಅಶ್ವಶಕ್ತಿಗೂ ಹೆಚ್ಚು. ಅಷ್ಟು ದೊಡ್ಡ ಯಂತ್ರವನ್ನು ಕೊಳ್ಳುವವರು ಬೇಕಲ್ಲ? ಮಾರುಕಟ್ಟೆ ಅದನ್ನು ಒಪ್ಪಲಿಲ್ಲ. ಗಾಲಿಯೊಳಗಿನ ಮೋಟಾರು ಮಾತ್ರ ಉಳಿಯಿತು. ಇಂದು ಜಗತ್ತಿನ ದೊಡ್ಡ ಗಣಿಗಳಲ್ಲಿ ನೂರಾರು ಟನ್ ಹೊರುವ ಡಂಪರ್‌ಗಳಲ್ಲಿ ಹಲವು ಓಡುವುದು ಇದೇ ತತ್ವದ ಮೇಲೆ.

1969ರ ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದು ಜೂನ್ 1ರಂದು ಲೆಟೂರ್ನೋ ತೀರಿಕೊಂಡ.

ಆತನ ಹಗ್ಗದ ಸ್ಕ್ರೇಪರ್‌ಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಮೆರಿಕದ ಓಹಾಯೋ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಹಳೆಯ ನಿರ್ಮಾಣ ಯಂತ್ರಗಳಿಗಾಗಿಯೇ ಒಂದು ಸಂಗ್ರಹಾಲಯವಿದೆ. ಹಳೆಯ ಯಂತ್ರಗಳ ಪ್ರೇಮಿಗಳ ಸಂಘ ಅದನ್ನು ನಡೆಸುತ್ತದೆ, ಪ್ರದರ್ಶನಗಳಲ್ಲಿ ಈ ಯಂತ್ರಗಳನ್ನು ಚಾಲೂ ಮಾಡಿ ನಿಜವಾಗಿ ಮಣ್ಣು ಕೆರೆದು ತೋರಿಸುತ್ತಾರೆ. ಹಳೆಯ ಡೀಸೆಲ್ ಟ್ರ್ಯಾಕ್ಟರ್ ಎಬ್ಬಿಸಲು ಮೊದಲು ಅದರ ಪಕ್ಕದ ಪುಟ್ಟ ಪೆಟ್ರೋಲ್ ಎಂಜಿನ್ ಎಬ್ಬಿಸಬೇಕು, ಅದು ಬಿಸಿಯಾದ ಮೇಲೆ ದೊಡ್ಡದಕ್ಕೆ ಜೋಡಿಸಬೇಕು. ಯಂತ್ರ ಉಳಿಸಿಕೊಂಡರೆ ಸಾಲದು, ಲಿವರ್ ಎಷ್ಟು ಎಳೆದರೆ ಬ್ಲೇಡು ಎಷ್ಟು ಏಳುತ್ತದೆ ಎಂದು ಬಲ್ಲ ಕೈಯೂ ಬೇಕು. ಅದು ಯಾವ ಪೇಟೆಂಟ್ ಚಿತ್ರದಲ್ಲೂ ಬರೆದಿಲ್ಲ, ಪಕ್ಕದಲ್ಲಿ ನಿಂತು ನೋಡಿ ಕಲಿತವರಿಂದ ಕಲಿಯಬೇಕು.

ರಸ್ತೆ ಕೆಲಸದಲ್ಲಿ ದೊಡ್ಡ ಸ್ಕ್ರೇಪರ್‌ಗಳ ಜಾಗವನ್ನು ಎಕ್ಸ್‌ಕವೇಟರ್ ಮತ್ತು ನಡು ಮಡಚುವ ಡಂಪರ್‌ಗಳು ಬಹುಮಟ್ಟಿಗೆ ಆಕ್ರಮಿಸಿಕೊಂಡಿವೆ. ಆದರೆ ಅಮೆರಿಕದಲ್ಲಿ ಇತ್ತೀಚಿನ ದಶಕಗಳಲ್ಲಿ ದೊಡ್ಡ ಕೃಷಿ ಟ್ರ್ಯಾಕ್ಟರ್‌ನ ಹಿಂದೆ ಎಳೆಯುವ ಸ್ಕ್ರೇಪರ್ ಕಟ್ಟಿ ಜಮೀನು, ಬಡಾವಣೆ ಮಟ್ಟ ಮಾಡುವವರು ಮತ್ತೆ ಹೆಚ್ಚಿದ್ದಾರೆ. ಒಂದು ಟ್ರ್ಯಾಕ್ಟರ್, ಹಿಂದೆ ಒಂದು ಸ್ಕ್ರೇಪರ್, ಒಬ್ಬನೇ ಚಾಲಕ: 1920ರ ಸ್ಟಾಕ್ಟನ್‌ನಲ್ಲಿ ಸಾಲ ತೀರಿಸಲು ಲೆಟೂರ್ನೋ ಮಾಡಿಕೊಂಡಿದ್ದ ಏರ್ಪಾಡೂ ಇದೇ.